ತಲೆಗೆ ಪೆಟ್ಟು ಬಿದ್ದ ಮೇಲೆ ಕಣ್ಣು ಕಾಣದಿದ್ದರೆ: ತೊಂದರೆ ಎಲ್ಲಿದೆ, ಏನು ಮಾಡಬೇಕು

ಬೈಕಿನಿಂದ ಬಿದ್ದವರನ್ನು ಆಸ್ಪತ್ರೆಗೆ ಸೇರಿಸುತ್ತೀರಿ. ಸಿಟಿ ಸ್ಕ್ಯಾನ್ ಆಗುತ್ತದೆ, ಹೊಲಿಗೆ ಹಾಕುತ್ತಾರೆ, ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ನಾಲ್ಕನೆಯ ದಿನ ಮುಖದ ಊತ ಇಳಿದು ರೆಪ್ಪೆ ತೆರೆದಾಗ ರೋಗಿ ಹೇಳುತ್ತಾರೆ: ‘ಈ ಕಣ್ಣಲ್ಲಿ ಏನೂ ಕಾಣ್ತಿಲ್ಲ.’ ಇನ್ನು ಕೆಲವರು ಏನನ್ನೂ ಹೇಳುವುದಿಲ್ಲ. ಮನೆಗೆ ಬಂದ ಮೇಲೆ ಎಡಗಡೆಯ ಬಾಗಿಲ ಚೌಕಟ್ಟಿಗೆ ಮತ್ತೆ ಮತ್ತೆ ಭುಜ ತಾಗಿಸಿಕೊಳ್ಳುತ್ತಾರೆ. ತಟ್ಟೆಯ ಎಡಭಾಗದಲ್ಲಿ ಬಡಿಸಿದ ಪಲ್ಯ ಹಾಗೆಯೇ ಉಳಿಯುತ್ತದೆ. ಎರಡೂ ತಲೆಪೆಟ್ಟಿನಿಂದಾದ ದೃಷ್ಟಿನಷ್ಟವೇ. ಆದರೆ ಪೆಟ್ಟಾದ ಜಾಗ ಬೇರೆ, ಚಿಕಿತ್ಸೆಗೆ ಇರುವ ಸಮಯ ಬೇರೆ, ದೃಷ್ಟಿ ಮರಳುವ ಸಾಧ್ಯತೆಯೂ ಬೇರೆ.

ಆದ್ದರಿಂದ ‘ಕಣ್ಣು ಬರುತ್ತಾ ಡಾಕ್ಟ್ರೇ?’ ಎಂದು ಕೇಳುವ ಮೊದಲು ‘ಪೆಟ್ಟು ಎಲ್ಲಿಗೆ ಆಗಿದೆ?’ ಎಂದು ಕೇಳಬೇಕು. ಮೊದಲ ಪ್ರಶ್ನೆಯ ಉತ್ತರ ಎರಡನೆಯದರ ಮೇಲೆ ನಿಂತಿದೆ.

ನೋಟದ ದಾರಿ

ಕಣ್ಣನ್ನು ಕ್ಯಾಮೆರಾ ಎಂದುಕೊಳ್ಳಿ. ಅದರ ಹಿಂದಿನ ಪರದೆಯೇ ರೆಟಿನಾ. ಅಲ್ಲಿಂದ ಸುಮಾರು ಐದು ಸೆಂಟಿಮೀಟರ್ ಉದ್ದದ ದೃಷ್ಟಿನರ ಹೊರಡುತ್ತದೆ. ಒಂದೊಂದು ಕಣ್ಣಿನ ನರದಲ್ಲೂ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ. ಈ ನರ ಮೂಳೆಯ ಒಂದು ಇಕ್ಕಟ್ಟಾದ ಕೊಳವೆಯ ಮೂಲಕ ತಲೆಬುರುಡೆಯ ಒಳಗೆ ಹೋಗುತ್ತದೆ. ಒಳಗೆ ಎರಡೂ ಕಣ್ಣಿನ ನರಗಳು ಒಂದೆಡೆ ಸೇರುತ್ತವೆ. ಅಲ್ಲಿ ಅರ್ಧದಷ್ಟು ಎಳೆಗಳು ಪಕ್ಕ ಬದಲಿಸುತ್ತವೆ. ಅಲ್ಲಿಂದ ಮುಂದೆ ಎಡಗಣ್ಣು, ಬಲಗಣ್ಣು ಎಂಬ ಲೆಕ್ಕ ಇರುವುದಿಲ್ಲ. ನೋಟದ ಎಡಭಾಗ, ಬಲಭಾಗ ಎಂಬ ಲೆಕ್ಕ ಶುರುವಾಗುತ್ತದೆ. ಎರಡೂ ಕಣ್ಣುಗಳು ಕಂಡ ಎಡಭಾಗವೆಲ್ಲ ಮೆದುಳಿನ ಬಲಕ್ಕೆ ಹೋಗುತ್ತದೆ, ಬಲಭಾಗವೆಲ್ಲ ಎಡಕ್ಕೆ. ಕೊನೆಗೆ ಚಿತ್ರ ತಯಾರಾಗುವುದು ತಲೆಯ ಹಿಂಭಾಗದಲ್ಲಿ, ಮಲಗಿದಾಗ ದಿಂಬಿಗೆ ತಾಗುವ ಜಾಗದಲ್ಲಿ. ಹಿಂದಕ್ಕೆ ಬಿದ್ದು ತಲೆಗೆ ಏಟಾದವರ ಕಣ್ಣು ಏಕೆ ಕೆಡುತ್ತದೆ ಎಂದು ಮನೆಯವರು ಆಶ್ಚರ್ಯಪಡುತ್ತಾರೆ. ಕಾರಣ ಇದೇ.

ಇಷ್ಟು ತಿಳಿದಿದ್ದರೆ ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಒಂದೇ ಕಣ್ಣಿನಲ್ಲಿ ತೊಂದರೆ ಇದ್ದರೆ ಪೆಟ್ಟು ಆ ಕಣ್ಣಿಗೆ ಅಥವಾ ಅದರ ನರಕ್ಕೆ ಆಗಿದೆ. ಯಾವ ಕಣ್ಣು ಮುಚ್ಚಿ ನೋಡಿದರೂ ಒಂದೇ ಪಕ್ಕ ಕಾಣದಿದ್ದರೆ ತೊಂದರೆ ಮೆದುಳಿನೊಳಗೆ. ಎರಡು ಕಣ್ಣು ತೆರೆದಾಗ ಎರಡೆರಡು ಕಂಡು, ಯಾವುದಾದರೂ ಒಂದನ್ನು ಮುಚ್ಚಿದ ಕೂಡಲೇ ಸರಿಹೋದರೆ, ಸಾಮಾನ್ಯವಾಗಿ ನೋಟದ ದಾರಿ ಸರಿಯಾಗಿದೆ. ಕಣ್ಣನ್ನು ಅತ್ತಿತ್ತ ತಿರುಗಿಸುವ ನರಗಳೋ ಸ್ನಾಯುಗಳೋ ಕೆಟ್ಟಿವೆ.

ಗಂಟೆಗಳ ಲೆಕ್ಕದಲ್ಲಿ ನೋಡಬೇಕಾದವು

ಕೆಲವು ತೊಂದರೆಗಳಿಗೆ ‘ನಾಳೆ ಓಪಿಡಿಗೆ ತೋರಿಸೋಣ’ ಎನ್ನುವ ಹಾಗಿಲ್ಲ. ಮೊದಲನೆಯದು, ಕಣ್ಣಿನ ಹಿಂದೆ ರಕ್ತ ತುಂಬಿಕೊಳ್ಳುವುದು. ಕಣ್ಣು ಮುಂದಕ್ಕೆ ಉಬ್ಬುತ್ತದೆ, ಮುಟ್ಟಿದರೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ವಿಪರೀತ ನೋವಿರುತ್ತದೆ, ನೋಟ ನೋಡನೋಡುತ್ತಲೇ ಕುಗ್ಗುತ್ತದೆ. ಇಲ್ಲಿ ಇರುವ ಸಮಯ ಸುಮಾರು ಒಂದೂವರೆಯಿಂದ ಎರಡು ಗಂಟೆ. ಅಷ್ಟರೊಳಗೆ ರೆಪ್ಪೆಯ ಹೊರಮೂಲೆಯನ್ನು ಕತ್ತರಿಸಿ ಒತ್ತಡ ಇಳಿಸಬೇಕಾಗುತ್ತದೆ. ಇದನ್ನು ಕ್ಯಾಷುವಾಲ್ಟಿಯಲ್ಲೇ ಮಾಡುತ್ತಾರೆ. ಸ್ಕ್ಯಾನ್ ವರದಿಗೆ ಕಾಯುವುದಿಲ್ಲ. ಕೇಳಲು ಭಯವಾಗುತ್ತದೆ, ಆದರೆ ಬೇಡ ಎನ್ನಬೇಡಿ.

ಎರಡನೆಯದು, ಕಣ್ಣುಗುಡ್ಡೆಯೇ ಒಡೆದಿರುವ ಸಂಶಯ: ಪಾಪೆಯ ಆಕಾರ ಬದಲಾಗಿದೆ, ಕಣ್ಣಿನಿಂದ ಲೋಳೆಯಂಥದ್ದು ಬರುತ್ತಿದೆ. ಅಂಥ ಕಣ್ಣನ್ನು ತೊಳೆಯಬೇಡಿ, ಒತ್ತಬೇಡಿ, ಹತ್ತಿ ಇಡಬೇಡಿ, ಮನೆಯಲ್ಲಿರುವ ಡ್ರಾಪ್ಸ್ ಹಾಕಬೇಡಿ. ಒಂದು ಪೇಪರ್ ಕಪ್ಪಿನ ತಳಭಾಗವನ್ನು ಕಣ್ಣಿಗೆ ತಾಗದಂತೆ ಮೇಲೆ ಕವುಚಿ ಟೇಪ್ ಹಾಕಿ, 112 ಅಥವಾ 108ಕ್ಕೆ ಫೋನ್ ಮಾಡಿ.

ಮಕ್ಕಳ ವಿಷಯದಲ್ಲಿ ಒಂದು ಮೋಸವಿದೆ. ಮಗುವಿನ ಕಣ್ಣಿಗೆ ಚೆಂಡೋ ಮೊಣಕೈಯೋ ಬಡಿದಿದೆ, ಕಣ್ಣು ಬೆಳ್ಳಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಮೇಲೆ ನೋಡು ಎಂದರೆ ನೋವಿನಿಂದ ವಾಂತಿ ಮಾಡುತ್ತದೆ. ತಲೆಗೆ ಪೆಟ್ಟಾಗಿದ್ದಕ್ಕೆ ವಾಂತಿ ಎಂದು ಎಲ್ಲರೂ ತಿಳಿಯುತ್ತಾರೆ. ಹಲವು ಸಲ ಕಣ್ಣಿನ ಕೆಳಗಿನ ತೆಳು ಮೂಳೆ ಮುರಿದು ಅದರ ಸೀಳಿನಲ್ಲಿ ಕಣ್ಣಿನ ಸ್ನಾಯು ಸಿಕ್ಕಿಕೊಂಡಿರುತ್ತದೆ. ಬಿಡಿಸಲು ತಡಮಾಡಿದರೆ ಸ್ನಾಯು ಸಾಯುತ್ತದೆ. ಮಗುವಿನ ಎರಡೂ ಕಣ್ಣು ಒಟ್ಟಿಗೆ ಮೇಲೆ ಏಳುತ್ತಿವೆಯೇ ಎಂದು ನೀವೇ ನೋಡಿ, ಇಲ್ಲದಿದ್ದರೆ ಡಾಕ್ಟರಿಗೆ ಅದನ್ನೇ ಹೇಳಿ.

ಇನ್ನೊಂದು ತಡವಾಗಿ ಬರುವ ತೊಂದರೆ. ಪೆಟ್ಟಾಗಿ ಕೆಲವು ದಿನ ಅಥವಾ ವಾರಗಳಾದ ಮೇಲೆ ಒಂದು ಕಣ್ಣು ಕೆಂಪಾಗಿ ಉಬ್ಬುತ್ತದೆ, ತಲೆಯೊಳಗೆ ನಾಡಿಯ ತಾಳಕ್ಕೆ ‘ಸುಯ್ ಸುಯ್’ ಎಂಬ ಸದ್ದು ಕೇಳಿಸುತ್ತದೆ. ಮೆಡಿಕಲ್ ಶಾಪಿಗೆ ಹೋದರೆ ಮದ್ರಾಸ್ ಐ ಎಂದುಕೊಂಡು ಡ್ರಾಪ್ಸ್ ಕೊಟ್ಟುಬಿಡಬಹುದು. ಇದು ಕಣ್ಣಿನ ಹಿಂದೆ ರಕ್ತನಾಳ ಹರಿದು ಅಪಧಮನಿಯ ರಕ್ತ ಅಭಿಧಮನಿಗೆ ನುಗ್ಗುತ್ತಿರುವ ಸೂಚನೆ ಇರಬಹುದು. ತಲೆಗೆ ಪೆಟ್ಟಾದ ಚರಿತ್ರೆ ಇರುವವರ ಕೆಂಗಣ್ಣಿಗೆ ಕೌಂಟರಿನಲ್ಲಿ ಔಷಧಿ ಕೇಳಲೇಬೇಡಿ. ಔಷಧಿ ಮಾರುವ ಕಡೆಯಿಂದಲೇ ಈ ಮಾತು ಹೇಳುತ್ತಿದ್ದೇನೆ.

ಹುಬ್ಬಿನ ಪೆಟ್ಟು, ನರದ ನಷ್ಟ

ದ್ವಿಚಕ್ರ ವಾಹನದ ಅಪಘಾತಗಳಲ್ಲಿ ನಾವು ಹೆಚ್ಚು ಕೇಳುವುದು ಇದನ್ನು. ಹುಬ್ಬಿನ ಹೊರತುದಿಗೆ ಏಟು ಬೀಳುತ್ತದೆ. ಅಲ್ಲೊಂದು ಸಣ್ಣ ಗಾಯ, ಮೂರು ಹೊಲಿಗೆ, ಅಷ್ಟೇ. ಆದರೆ ಏಟಿನ ರಭಸ ಮೂಳೆಯ ಮೂಲಕ ಸಾಗಿ ದೃಷ್ಟಿನರ ಹಾದುಹೋಗುವ ಆ ಇಕ್ಕಟ್ಟಾದ ಕೊಳವೆಗೆ ತಲುಪುತ್ತದೆ. ಅಲ್ಲಿ ನರ ಮೂಳೆಗೆ ಅಂಟಿಕೊಂಡಿರುತ್ತದೆ, ಅಲುಗಲು ಜಾಗವಿಲ್ಲ. ಎಳೆಗಳು ಹರಿಯುತ್ತವೆ, ಉಳಿದವು ಊದಿಕೊಂಡು ಆ ಕೊಳವೆಯಲ್ಲೇ ಹಿಸುಕಿಹೋಗುತ್ತವೆ. ತಲೆಗೆ ಪೆಟ್ಟಾದ ನೂರು ಜನರಲ್ಲಿ ಒಬ್ಬರಿಂದ ಐದು ಜನರವರೆಗೆ ಹೀಗಾಗಬಹುದು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು.

ಈ ಕಣ್ಣು ಹೊರಗಿನಿಂದ ನೋಡಲು ಪೂರ್ತಿ ಸರಿಯಾಗಿರುತ್ತದೆ. ಡಾಕ್ಟರು ಯಂತ್ರವಿಟ್ಟು ಒಳಗೆ ನೋಡಿದರೂ ಮೊದಲ ಕೆಲವು ವಾರ ನರದ ತುದಿ ಸರಿಯಾಗಿಯೇ ಕಾಣುತ್ತದೆ. ಅದು ಬಿಳಿಚಿಕೊಳ್ಳಲು ಮೂರರಿಂದ ಆರು ವಾರ ಬೇಕು. ಹೀಗಾಗಿ ‘ಕಣ್ಣಿನಲ್ಲಿ ಏನೂ ತೊಂದರೆಯಿಲ್ಲ’ ಎಂಬ ಮೊದಲ ವಾರದ ಮಾತನ್ನು ಕೇಳಿ, ರೋಗಿ ನಾಟಕ ಮಾಡುತ್ತಿದ್ದಾರೆ, ಹೆದರಿದ್ದಾರೆ ಎಂದು ಮನೆಯವರು ತೀರ್ಮಾನಿಸುವುದುಂಟು. ಹಾಗೆ ಮಾಡಬೇಡಿ. ಇದನ್ನು ಹಿಡಿಯುವ ಪರೀಕ್ಷೆ ಟಾರ್ಚಿನದು. ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ತೂಗಾಡಿಸುತ್ತಾ ಪಾಪೆ ನೋಡುತ್ತಾರೆ. ಸರಿಯಿರುವ ಕಣ್ಣಿನಿಂದ ಪೆಟ್ಟಾದ ಕಣ್ಣಿಗೆ ಬೆಳಕು ಬಂದಾಗ ಅದರ ಪಾಪೆ ಕಿರಿದಾಗುವ ಬದಲು ಹಿರಿದಾಗುತ್ತದೆ. ಪ್ರಜ್ಞೆ ಇಲ್ಲದವರಿಗೂ ಈ ಪರೀಕ್ಷೆ ಮಾಡಬಹುದು, ಒಂದು ನಿಮಿಷವೂ ಬೇಡ. ‘ಎರಡೂ ಕಣ್ಣಿನ ಪಾಪೆಯನ್ನು ಟಾರ್ಚಿನಲ್ಲಿ ಹೋಲಿಸಿ ನೋಡಿದ್ದೀರಾ?’ ಎಂದು ಎರಡನೆಯ ದಿನವೇ ಕೇಳಿ. ರೋಗಿ ಎಚ್ಚರವಿದ್ದರೆ ಒಂದು ಕೆಂಪು ಬಾಟಲಿ ಮುಚ್ಚಳವನ್ನು ಒಂದೊಂದೇ ಕಣ್ಣಿಗೆ ತೋರಿಸಿ. ನರ ಕೆಟ್ಟ ಕಣ್ಣಿಗೆ ಕೆಂಪು ಮಾಸಿದಂತೆ, ತೊಳೆದಂತೆ ಕಾಣುತ್ತದೆ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ‘ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕಣ್ಣು ಬರುತ್ತದಂತೆ, ಇವರು ಕೊಡುತ್ತಿಲ್ಲ’ ಎಂಬ ದೂರು ಸಾಮಾನ್ಯ. ಒಂದು ಕಾಲದಲ್ಲಿ ಕೊಡುತ್ತಿದ್ದರು. 1999ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ದೃಷ್ಟಿನರ ಪೆಟ್ಟಿನ ಅಧ್ಯಯನದಲ್ಲಿ 133 ರೋಗಿಗಳಿದ್ದರು. ಸ್ಟೆರಾಯ್ಡ್ ಪಡೆದವರು, ಆಪರೇಷನ್ ಆದವರು, ಏನೂ ಮಾಡಿಸದೆ ಕಾದವರು ಎಂದು ಮೂರು ಗುಂಪು. ಕಾದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ನೋಟ ಸುಧಾರಿಸಿತು. ಆ ಗುಂಪು ಬಹಳ ಸಣ್ಣದು, ಹತ್ತು ಜನರೂ ಇರಲಿಲ್ಲ, ಆದ್ದರಿಂದ ‘ಸುಮ್ಮನಿರುವುದೇ ಮೇಲು’ ಎಂದು ಹೇಳಲಾಗದು. ಆದರೆ ಸ್ಟೆರಾಯ್ಡಾಗಲಿ ಆಪರೇಷನ್ನಾಗಲಿ ಸ್ಪಷ್ಟವಾಗಿ ಗೆದ್ದಿತು ಎಂದೂ ಹೇಳಲಾಗಲಿಲ್ಲ.

ಹಾಗಾದರೆ ಕೊಟ್ಟರೆ ನಷ್ಟವೇನು? ನಷ್ಟವಿದೆ. ಕ್ರ್ಯಾಶ್ ಎಂಬ ಹೆಸರಿನ ದೊಡ್ಡ ಪ್ರಯೋಗದಲ್ಲಿ ತಲೆಗೆ ಪೆಟ್ಟಾದ 10,008 ವಯಸ್ಕರು ಸೇರಿದ್ದರು. ಅರ್ಧ ಜನರಿಗೆ ಎರಡು ದಿನ ಹೆಚ್ಚಿನ ಪ್ರಮಾಣದ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್ ಕೊಟ್ಟರು, ಉಳಿದವರಿಗೆ ಔಷಧಿಯಿಲ್ಲದ ಡ್ರಿಪ್. ಎರಡು ವಾರದೊಳಗೆ ಸ್ಟೆರಾಯ್ಡ್ ಪಡೆದವರಲ್ಲಿ ನೂರಕ್ಕೆ 21.1, ಪಡೆಯದವರಲ್ಲಿ ನೂರಕ್ಕೆ 17.9 ಜನ ತೀರಿಕೊಂಡರು. ಅದನ್ನು ಕಂಡು 2004ರಲ್ಲಿ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. ಕಣ್ಣಿಗೆಂದು ಕೊಟ್ಟ ಔಷಧಿ ಜೀವಕ್ಕೇ ಕುತ್ತಾಗಬಹುದು. ಮೆದುಳಿಗೂ ಪೆಟ್ಟಾಗಿರುವ ರೋಗಿಗೆ ಸ್ಟೆರಾಯ್ಡ್ ಕೊಡಿ ಎಂದು ಒತ್ತಾಯಿಸಬೇಡಿ; ಕೊಡದ ಡಾಕ್ಟರು ನಿರ್ಲಕ್ಷ್ಯ ಮಾಡುತ್ತಿದ್ದಾರೆ ಎಂದುಕೊಳ್ಳಲೂಬೇಡಿ. ಮೂಳೆಯ ಚೂರು ನರವನ್ನು ಒತ್ತುತ್ತಿರುವುದು ಸ್ಕ್ಯಾನಿನಲ್ಲಿ ಕಂಡಾಗ ಅಥವಾ ಮೊದಲು ಕಾಣುತ್ತಿದ್ದ ಕಣ್ಣು ದಿನದಿಂದ ದಿನಕ್ಕೆ ಕುಗ್ಗುತ್ತಿರುವಾಗ ಆಪರೇಷನ್ ಮಾತು ಬರಬಹುದು. ಆಗ ನ್ಯೂರೋ ಮತ್ತು ಕಣ್ಣು, ಎರಡೂ ವಿಭಾಗದವರು ಸೇರಿ ತೀರ್ಮಾನಿಸಲಿ.

ಪೆಟ್ಟಾದ ಕ್ಷಣದಿಂದಲೇ ಬೆಳಕೂ ತಿಳಿಯದಷ್ಟು ಕತ್ತಲಾಗಿದ್ದರೆ ಆಸೆ ಕಡಿಮೆ. ಸ್ವಲ್ಪವಾದರೂ ಕಾಣುತ್ತಿದ್ದರೆ ಮುಂದಿನ ವಾರಗಳಲ್ಲಿ ಸುಧಾರಿಸುವ ಸಾಧ್ಯತೆ ಹೆಚ್ಚು. ಇದಕ್ಕಾಗಿಯೇ ಮೊದಲ ದಿನದ ದೃಷ್ಟಿ ಎಷ್ಟಿತ್ತು ಎಂಬುದು ಫೈಲಿನಲ್ಲಿ ಬರೆದಿರಬೇಕು.

ಐಸಿಯುನಲ್ಲಿ ಇರುವವರು ತಮ್ಮ ಕಣ್ಣಿನ ಬಗ್ಗೆ ಹೇಳಲಾರರು. ಮೆದುಳಿನ ಸುತ್ತ ರಕ್ತಸ್ರಾವ ಆದಾಗ ಕೆಲವರಿಗೆ ಕಣ್ಣಿನೊಳಗಿನ ಲೋಳೆಯಲ್ಲೂ ರಕ್ತ ತುಂಬುತ್ತದೆ. ಎಚ್ಚರವಾದ ಮೇಲೆ ‘ಎಲ್ಲಾ ಕಪ್ಪು ಹೊಗೆ’ ಎನ್ನುತ್ತಾರೆ. ಇದಕ್ಕೆ ಟರ್ಸನ್ ಸಿಂಡ್ರೋಮ್ ಎಂದು ಹೆಸರು. ಇದು ಮೆದುಳಿನ ಕುರುಡಲ್ಲ. ರಕ್ತ ತಾನಾಗಿ ಕರಗಬಹುದು, ಕರಗದಿದ್ದರೆ ರೆಟಿನಾ ಸರ್ಜನ್ ಆಪರೇಷನ್ ಮಾಡಿ ತೆಗೆಯಬಹುದು, ನೋಟ ಚೆನ್ನಾಗಿ ಮರಳಬಹುದು. ಆದ್ದರಿಂದ ಐಸಿಯುನಿಂದ ವಾರ್ಡಿಗೆ ಬಂದ ವಾರದಲ್ಲೇ ಪಾಪೆ ಹಿಗ್ಗಿಸಿ ಒಳಗೆ ನೋಡುವ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಐಸಿಯುನಲ್ಲಿ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಲು ಹಿಂಜರಿಯುವುದಕ್ಕೆ ಕಾರಣವಿದೆ: ಪಾಪೆ ನೋಡಿಯೇ ಮೆದುಳಿನ ಒತ್ತಡದ ಸುಳಿವು ಹಿಡಿಯುತ್ತಾರೆ. ಹಾಕಲೇಬೇಕಾದರೆ ಸಮಯ ಸಮೇತ ಫೈಲಿನಲ್ಲಿ ಬರೆಯುತ್ತಾರೆ.

ಅರ್ಧ ಹೋದ ಜಗತ್ತು

ಮೆದುಳಿನ ಹಿಂಭಾಗಕ್ಕೆ ಅಥವಾ ಅಲ್ಲಿಗೆ ಹೋಗುವ ಎಳೆಗಳಿಗೆ ಪೆಟ್ಟಾದಾಗ ಎರಡೂ ಕಣ್ಣಿನ ಒಂದೇ ಪಕ್ಕ ಮಾಯವಾಗುತ್ತದೆ. ಮೆದುಳಿನ ಯಾವ ಭಾಗ ನೋಟದ ಯಾವ ಭಾಗಕ್ಕೆ ಸೇರಿದ್ದು ಎಂಬ ನಕ್ಷೆ ಸಿಕ್ಕಿದ್ದೂ ಗಾಯಾಳುಗಳಿಂದಲೇ. ಜಪಾನಿನ ಕಣ್ಣಿನ ವೈದ್ಯ ತತ್ಸುಜಿ ಇನೊಯೆ, 1904–05ರ ರಷ್ಯಾ-ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ಬಿದ್ದು ಬದುಕಿ ಉಳಿದ ಸೈನಿಕರ ನೋಟವನ್ನು ಅಳೆದರು. ಉದ್ದೇಶ ಪಿಂಚಣಿ: ಯಾರಿಗೆ ಎಷ್ಟು ದೃಷ್ಟಿ ಹೋಗಿದೆ ಎಂದು ಸರ್ಕಾರಕ್ಕೆ ಲೆಕ್ಕ ಕೊಡಬೇಕಿತ್ತು. ಗುಂಡು ಒಳಹೊಕ್ಕ ತೂತು, ಹೊರಬಿದ್ದ ತೂತು, ಕಾಣದ ಭಾಗ, ಮೂರನ್ನೂ ಹೊಂದಿಸಿ ಅವರು ಬರೆದ ನಕ್ಷೆ 1909ರಲ್ಲಿ ಪ್ರಕಟವಾಯಿತು. ಇಂದು ನಿಮಗೆ ಮಾಡುವ ಫೀಲ್ಡ್ ಟೆಸ್ಟ್‌ನ ಚಿತ್ರ ನೋಡಿ ‘ಪೆಟ್ಟು ಇಲ್ಲಿ’ ಎಂದು ಡಾಕ್ಟರು ಬೆರಳಿಟ್ಟು ತೋರಿಸುವುದು ಇಂಥ ಕೆಲಸದ ಆಧಾರದ ಮೇಲೆ.

ಅರ್ಧನೋಟ ಹೋದವರಿಗೆ ಗೋಡೆಯ ಅಕ್ಷರಪಟ್ಟಿಯ ಪರೀಕ್ಷೆಯಲ್ಲಿ 6/6 ಬರಬಹುದು. ಏಕೆಂದರೆ ನಟ್ಟನಡುವಿನ ನೋಟ ಉಳಿದಿರುತ್ತದೆ. ರಸ್ತೆಯಲ್ಲಿ ಮಾತ್ರ ಎಡದಿಂದ ಬಂದ ಆಟೋ ಎಲ್ಲಿಂದಲೋ ಉದುರಿದಂತೆ ಎದುರು ನಿಲ್ಲುತ್ತದೆ. ಅವರಿಗೆ ಆ ಜಾಗ ಕಪ್ಪಾಗಿ ಕಾಣುವುದಿಲ್ಲ. ನಿಮಗೆ ನಿಮ್ಮ ಬೆನ್ನ ಹಿಂದೆ ಏನು ಕಾಣುತ್ತದೆಯೋ ಅವರಿಗೆ ಅಲ್ಲಿ ಅಷ್ಟೇ ಕಾಣುತ್ತದೆ. ಹಾಗಾಗಿ ಅವರು ದೂರು ಹೇಳುವುದಿಲ್ಲ. ಎಡವುತ್ತಾರೆ, ಚೆಲ್ಲುತ್ತಾರೆ, ಓದುವಾಗ ಸಾಲು ತಪ್ಪುತ್ತಾರೆ, ಬೈಸಿಕೊಳ್ಳುತ್ತಾರೆ.

ಮನೆಯಲ್ಲಿ ಹೀಗೆ ನೋಡಿ. ಒಂದು ಮೀಟರ್ ದೂರದಲ್ಲಿ ಎದುರುಬದುರು ಕುಳಿತುಕೊಳ್ಳಿ. ಅವರು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನಿಮ್ಮ ಮೂಗನ್ನೇ ನೋಡಲಿ. ನೀವು ನಾಲ್ಕು ಮೂಲೆಗಳಲ್ಲಿ ಒಂದೋ ಎರಡೋ ಬೆರಳು ತೋರಿಸಿ ಎಷ್ಟು ಎಂದು ಕೇಳಿ. ಆಮೇಲೆ ಇನ್ನೊಂದು ಕಣ್ಣು. ಕೊನೆಗೆ ಎರಡೂ ಕಣ್ಣು ತೆರೆದಿರುವಾಗ ಎಡಬಲ ಎರಡೂ ಕಡೆ ಒಟ್ಟಿಗೆ ಬೆರಳು ಆಡಿಸಿ. ಒಂದೊಂದಾಗಿ ತೋರಿಸಿದಾಗ ಕಂಡಿದ್ದು ಒಟ್ಟಿಗೆ ತೋರಿಸಿದಾಗ ಒಂದು ಪಕ್ಕ ಕಾಣದೆ ಹೋದರೆ ಅದು ನೋಟದ ನಷ್ಟವಲ್ಲ, ಗಮನದ ನಷ್ಟ. ಮೆದುಳು ಆ ಪಕ್ಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಅಂಥವರು ಅರ್ಧ ಮುಖಕ್ಕೆ ಮಾತ್ರ ಶೇವ್ ಮಾಡಿಕೊಳ್ಳುವುದುಂಟು, ಒಂದು ತೋಳಿಗೆ ಮಾತ್ರ ಶರ್ಟ್ ಹಾಕಿಕೊಳ್ಳುವುದುಂಟು. ಎರಡಕ್ಕೂ ತರಬೇತಿ ಬೇರೆ ಬೇರೆ, ಆದ್ದರಿಂದ ಡಾಕ್ಟರಿಗೆ ನೀವು ಕಂಡದ್ದನ್ನು ಹಾಗೆಯೇ ಹೇಳಿ.

ಅರ್ಧನೋಟ ಮರಳುವುದಾದರೆ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ ಮರಳುತ್ತದೆ. ಆರು ತಿಂಗಳ ನಂತರ ತಾನಾಗಿ ಬರುವುದು ಬಹಳ ಕಡಿಮೆ. ಆದರೆ ಕಾಣದ ಕಡೆಗೆ ತಲೆಯನ್ನೂ ಕಣ್ಣನ್ನೂ ಬೇಕೆಂದೇ ತಿರುಗಿಸಿ ಹುಡುಕುವ ಅಭ್ಯಾಸವನ್ನು ಯಾವಾಗ ಬೇಕಾದರೂ ಕಲಿಯಬಹುದು. ಹೋದ ನೋಟವನ್ನು ಇದು ತರುವುದಿಲ್ಲ, ಆದರೆ ನಡೆದಾಡುವುದನ್ನು ನಿಜಕ್ಕೂ ಸುಲಭ ಮಾಡುತ್ತದೆ. ಎಡ ಹೋದವರಿಗೆ ಸಾಲಿನ ಆರಂಭ ಸಿಗುವುದಿಲ್ಲ: ಪುಟದ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಅದು ಕಾಣುವವರೆಗೆ ಕಣ್ಣು ಹಿಂದೆ ತರಲು ಹೇಳಿ. ಬಲ ಹೋದವರಿಗೆ ಓದುವುದು ಇನ್ನೂ ಕಷ್ಟ, ಏಕೆಂದರೆ ಕನ್ನಡದ ಸಾಲಿನಲ್ಲಿ ಮುಂದಿನ ಪದ ಇರುವುದೇ ಬಲಕ್ಕೆ. ಸಾಲಿನ ಕೆಳಗೆ ಸ್ಕೇಲ್ ಇಟ್ಟು ಬೆರಳನ್ನು ಮುಂದೆ ಮುಂದೆ ಸರಿಸುತ್ತಾ ಓದಲಿ. ಮುಂಬೈಯ ಲೋಕಲ್ ಪ್ಲಾಟ್‌ಫಾರ್ಮಿನಲ್ಲಾಗಲಿ ಚೆನ್ನೈಯ ಬಸ್ ಸ್ಟಾಪಿನಲ್ಲಾಗಲಿ ನೀವು ಅವರ ಕಾಣದ ಪಕ್ಕದಲ್ಲಿ ನಡೆಯಿರಿ. ಫೀಲ್ಡ್ ಟೆಸ್ಟ್ ಆಗಿ ಡಾಕ್ಟರು ಬರೆದುಕೊಡುವವರೆಗೆ ಗಾಡಿ ಓಡಿಸಲು ಬಿಡಬೇಡಿ, ‘ಇಲ್ಲೇ ಹತ್ತಿರ’ಕ್ಕೂ ಬೇಡ.

ಮೆದುಳಿನ ಎರಡೂ ಪಕ್ಕ ಕೆಟ್ಟರೆ ಪೂರ್ತಿ ಕುರುಡಾಗಬಹುದು. ಪಾಪೆ ಬೆಳಕಿಗೆ ಸರಿಯಾಗಿ ಕುಗ್ಗುತ್ತದೆ, ಆದರೆ ಏನೂ ಕಾಣದು. ಇವರಲ್ಲಿ ಕೆಲವರು ತಮಗೆ ಕಾಣುತ್ತದೆ ಎಂದೇ ವಾದಿಸುತ್ತಾರೆ. ಇಲ್ಲದ ಕುರ್ಚಿಯ ಬಣ್ಣ ಹೇಳುತ್ತಾರೆ. ಅದು ಹಟವಲ್ಲ, ಸುಳ್ಳಲ್ಲ, ಗಾಯಗೊಂಡ ಮೆದುಳು ತನಗೇ ಹೇಳಿಕೊಳ್ಳುವ ಕಥೆ. ಇನ್ನು ಕೆಲವರಿಗೆ ಕಾಣದ ಭಾಗದಲ್ಲಿ ಚಿತ್ರಗಳು ತೋರುತ್ತವೆ: ಬಳ್ಳಿ, ಜಾಲರಿ, ಅಪರಿಚಿತ ಮುಖ, ಸಾಲಾಗಿ ನಿಂತ ಪುಟ್ಟ ಜನ. ಗಾಳಿ ಸೋಕಿದೆ ಎಂದು ಊರಿಗೆ ಕರೆದುಕೊಂಡು ಹೋಗಬೇಡಿ. ಸಂಕೇತ ಬಾರದ ಮೆದುಳು ತಾನೇ ಚಿತ್ರ ಬರೆಯುತ್ತಿದೆ. ಹುಚ್ಚಲ್ಲ ಎಂದು ಹೇಳಿದರೇ ಬಹಳ ಜನರಿಗೆ ಅರ್ಧ ಭಾರ ಇಳಿಯುತ್ತದೆ. ಆದರೆ ತೋರುವುದು ಕೆಲವು ಕ್ಷಣ ಮಾತ್ರ ಇದ್ದು, ಅದರೊಂದಿಗೆ ಪ್ರಜ್ಞೆ ಮಂಕಾದರೆ ಅಥವಾ ಕೈಕಾಲು ಎಳೆದರೆ ಅದು ಫಿಟ್ಸ್ ಇರಬಹುದು, ಡಾಕ್ಟರಿಗೆ ಹೇಳಿ.

ಎರಡೆರಡು ಕಂಡಾಗ

ಕಣ್ಣು ತಿರುಗಿಸುವ ನರಗಳಲ್ಲಿ ಒಂದು ತೀರಾ ತೆಳ್ಳಗೆ, ಉದ್ದವಾಗಿದೆ. ತಲೆಗೆ ಪೆಟ್ಟಾದಾಗ ಸುಲಭವಾಗಿ ಕೆಡುತ್ತದೆ. ಆಗ ಮೆಟ್ಟಿಲು ಇಳಿಯುವಾಗ, ತಟ್ಟೆ ನೋಡುವಾಗ ವಸ್ತುಗಳು ಮೇಲೊಂದು ಕೆಳಗೊಂದು ಕಾಣುತ್ತವೆ, ರೋಗಿ ತಲೆಯನ್ನು ಒಂದು ಭುಜದ ಕಡೆ ವಾಲಿಸಿಕೊಂಡೇ ಇರುತ್ತಾರೆ. ಹಲವರಿಗೆ ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ, ಆದ್ದರಿಂದ ಆಪರೇಷನ್‌ಗೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ಕಾಯುತ್ತಾರೆ. ಅಲ್ಲಿಯವರೆಗೆ ಪ್ರಿಸಂ ಅಂಟಿಸಿದ ಕನ್ನಡಕ, ಅಥವಾ ಒಂದು ಗಾಜಿಗೆ ಮಂದವಾದ ಟೇಪ್ ಸಾಕು. ಪುಟ್ಟ ಮಕ್ಕಳ ಕಣ್ಣನ್ನು ಮಾತ್ರ ಡಾಕ್ಟರನ್ನು ಕೇಳದೆ ಮುಚ್ಚಬೇಡಿ, ಮುಚ್ಚಿದ ಕಣ್ಣು ಮಂದವಾಗಿಬಿಡಬಹುದು.

ಮಾತ್ರೆಗಳ ಚೀಟಿ

ಮನೆಗೆ ಬಂದ ಮೇಲೆ ಮಂಜು ಶುರುವಾಯಿತು ಎಂದರೆ ನಾನು ಮೊದಲು ಕೇಳುವುದು ಮಾತ್ರೆಗಳ ಚೀಟಿಯನ್ನು. ಫಿಟ್ಸ್ ಬಾರದಿರಲಿ ಎಂದು ಕೊಡುವ ಫೆನಿಟಾಯಿನ್, ಅಂದರೆ ಬಹಳ ಮನೆಗಳಿಗೆ ಗೊತ್ತಿರುವ ಎಪ್ಟಾಯಿನ್, ರಕ್ತದಲ್ಲಿ ಹೆಚ್ಚಾದರೆ ಕಣ್ಣುಗುಡ್ಡೆ ಅದುರುತ್ತದೆ, ಎರಡೆರಡು ಕಾಣುತ್ತದೆ, ನಡಿಗೆ ಓಲಾಡುತ್ತದೆ. ಕಾರ್ಬಮಜೆಪಿನ್‌ನಲ್ಲೂ ಎರಡೆರಡು ಕಾಣುವುದುಂಟು. ರಕ್ತದಲ್ಲಿ ಔಷಧಿಯ ಮಟ್ಟ ನೋಡಿ ಡೋಸ್ ಸರಿಮಾಡಿದರೆ ಸರಿಹೋಗಬಹುದು. ಭಯಬಿದ್ದು ನೀವೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದು ಇನ್ನೂ ಅಪಾಯ. ಆದರೆ ‘ಇದು ಎಷ್ಟು ದಿನ?’ ಎಂದು ಖಂಡಿತ ಕೇಳಿ. ಒಮ್ಮೆಯೂ ಫಿಟ್ಸ್ ಬಾರದವರಿಗೆ ಫೆನಿಟಾಯಿನ್ ಕೊಡುವುದು ಮೊದಲ ಏಳು ದಿನದ ಫಿಟ್ಸ್ ತಡೆಯಲು. ಅದು ನಂತರದ ವರ್ಷಗಳ ಫಿಟ್ಸ್ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಡಿಸ್ಚಾರ್ಜ್ ಚೀಟಿಯನ್ನೇ ತಿಂಗಳು ತಿಂಗಳು ತೋರಿಸಿ ಕೊಳ್ಳುತ್ತಾ ಹೋಗುವುದು ನಾನು ಕಂಡ ಸಾಮಾನ್ಯ ಸಂಗತಿ.

ತಲೆನೋವಿಗೆ ಅಥವಾ ಫಿಟ್ಸ್‌ಗೆ ಟೊಪಿರಮೇಟ್ ಶುರುಮಾಡಿದ ಮೊದಲ ತಿಂಗಳಲ್ಲಿ ದೂರದ್ದು ಇದ್ದಕ್ಕಿದ್ದಂತೆ ಮಸುಕಾಗಿ, ಕಣ್ಣು ನೋಯತೊಡಗಿದರೆ ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣಿ. ಅದು ಕಣ್ಣಿನ ಒತ್ತಡವನ್ನು ತಟ್ಟನೆ ಏರಿಸಬಹುದು. ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವವರಿಗೆ ಹತ್ತಿರದ ಅಕ್ಷರ ಮಸುಕಾಗುವುದು, ಕಣ್ಣು ಒಣಗುವುದು ಸಾಮಾನ್ಯ. ಸೋಂಕಿಗೆ ಲಿನೆಜೋಲಿಡ್ ನಾಲ್ಕು ವಾರಕ್ಕಿಂತ ಹೆಚ್ಚು ನಡೆದಿದ್ದರೆ ಕಣ್ಣಿನ ಡಾಕ್ಟರಿಗೆ ತಿಳಿಸಿ, ಅದು ದೃಷ್ಟಿನರವನ್ನೇ ಕೆಡಿಸಬಲ್ಲದು.

ಇನ್ನು ‘ನರದ ಶಕ್ತಿ’ ಮಾತ್ರೆಗಳು. ಸಿಟಿಕೊಲಿನ್ ಅನ್ನು 1,213 ತಲೆಪೆಟ್ಟಿನ ರೋಗಿಗಳಲ್ಲಿ ತೊಂಬತ್ತು ದಿನ ಪರೀಕ್ಷಿಸಿ ನೋಡಿದ ಅಮೆರಿಕದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಔಷಧಿಯಿಲ್ಲದ ಮಾತ್ರೆಗಿಂತ ಅದು ಮೇಲೆನಿಸಲಿಲ್ಲ. ಬಿ12 ಕೊರತೆ ಇದ್ದರೆ ಬಿ12 ಬೇಕು, ಸರಿ. ಆದರೆ ಹರಿದ ದೃಷ್ಟಿನರವನ್ನು ಮೀಥೈಲ್‌ಕೊಬಾಲಮಿನ್ ಮತ್ತೆ ಬೆಳೆಸುವುದಿಲ್ಲ. ತಿಂಗಳಿಗೆ ಸಾವಿರಾರು ರೂಪಾಯಿ ಇವಕ್ಕೆ ಹೋಗುತ್ತಿದ್ದರೆ, ಆ ಹಣ ದೃಷ್ಟಿ ಪುನರ್ವಸತಿಯ ಓಡಾಟಕ್ಕೆ ಹೋಗಬಹುದಲ್ಲವೇ ಎಂದು ಡಾಕ್ಟರ ಜೊತೆ ಮಾತಾಡಿ.

ಡಾಕ್ಟರಿಗೆ ಯಾವ ಮಾತಿನಲ್ಲಿ ಹೇಳುವುದು

ನೀವಿರುವ ಊರಿನಲ್ಲಿ ಡಾಕ್ಟರು ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ಅಜ್ಜಿ ಕನ್ನಡದಲ್ಲಿ ಹೇಳುತ್ತಾರೆ, ಮೊಮ್ಮಗ ನಡುವೆ ನಿಂತು ಅನುವಾದ ಮಾಡುತ್ತಾನೆ. ‘ಕಣ್ಣು ಕತ್ತಲೆ ಬಂತು’ ಎಂದರೆ ನಮ್ಮಲ್ಲಿ ಬವಳಿ ಬಂದಂತಾಯಿತು ಎಂದರ್ಥ. ಪದಕ್ಕೆ ಪದ ಇಟ್ಟರೆ ಅದು ಕುರುಡಾಯಿತು ಎಂದಾಗುತ್ತದೆ. ‘ತಲೆ ಸುತ್ತು’ ಎಂದು ಹೇಳುವವರಿಗೆ ಎಷ್ಟೋ ಸಲ ನಿಜವಾಗಿ ಎರಡೆರಡು ಕಾಣುತ್ತಿರುತ್ತದೆ. ‘ಮಂಜು’ ಎಂಬ ಒಂದೇ ಪದದೊಳಗೆ ಮಸುಕು, ಎರಡೆರಡು, ಅರ್ಧನೋಟ ಎಲ್ಲವೂ ಅಡಗಿರಬಹುದು. ಹಾಗಾಗಿ ಹೆಸರು ಹೇಳಬೇಡಿ, ನಡೆದದ್ದನ್ನು ಹೇಳಿ: ಒಂದು ಕಣ್ಣೋ ಎರಡೋ, ಒಂದು ಮುಚ್ಚಿದರೆ ಹೋಗುತ್ತದೆಯೋ ಇಲ್ಲವೋ, ಪೂರ್ತಿಯೋ ಒಂದು ಪಕ್ಕವೋ, ಸದಾ ಇರುತ್ತದೆಯೋ ಬಂದು ಹೋಗುತ್ತದೆಯೋ. ಕೊನೆಯದು ಮುಖ್ಯ. ಬಗ್ಗಿದಾಗ, ಎದ್ದಾಗ ಕೆಲವೇ ಸೆಕೆಂಡು ನೋಟ ಕಪ್ಪಾಗಿ ಮರಳುತ್ತಿದ್ದು, ಬೆಳಗಿನ ತಲೆನೋವು, ವಾಂತಿಯೂ ಇದ್ದರೆ ತಲೆಯೊಳಗೆ ಒತ್ತಡ ಏರಿ ದೃಷ್ಟಿನರ ಊದಿಕೊಂಡಿರಬಹುದು. ಅದನ್ನು ಅಂದೇ ನೋಡಬೇಕು. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ, ಸಣ್ಣ ಪೆಟ್ಟಾಗಿ ವಾರಗಳಾದ ಮೇಲೂ ಮೆದುಳಿನ ಮೇಲೆ ರಕ್ತ ಶೇಖರವಾಗಿರಬಹುದು.

ಕಾಗದಪತ್ರ

ಡಿಸ್ಚಾರ್ಜ್ ಸಮರಿಯಲ್ಲಿ ಎರಡೂ ಕಣ್ಣಿನ ದೃಷ್ಟಿ, ಪಾಪೆಯ ಸ್ಥಿತಿ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಅಪಘಾತ ಪರಿಹಾರದ ಕೇಸಿನಲ್ಲಿ, ವಿಮೆಯಲ್ಲಿ ‘ಈ ಕಣ್ಣು ಮೊದಲೇ ಕೆಟ್ಟಿತ್ತು’ ಎಂಬ ವಾದ ಬಂದಾಗ ಉಪಯೋಗಕ್ಕೆ ಬರುವುದು ಆ ಎರಡು ಸಾಲು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ, ಅಥವಾ ನೋಟದ ಹರವು 10 ಡಿಗ್ರಿಗಿಂತ ಕಡಿಮೆ ಇದ್ದರೆ ಕುರುಡುತನ ಎಂದು ಪರಿಗಣಿಸುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ್ದು ಕನಿಷ್ಠ 40 ಶೇಕಡಾ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸಿಗುವುದು 30 ಶೇಕಡಾ, ಅಂದರೆ ಆ ಗೆರೆ ದಾಟುವುದಿಲ್ಲ. ನ್ಯಾಯವೋ ಅನ್ಯಾಯವೋ, ಮೊದಲೇ ತಿಳಿದಿದ್ದರೆ ಓಡಾಟ ಉಳಿಯುತ್ತದೆ. ಅರ್ಧನೋಟ ಹೋದವರು ಫೀಲ್ಡ್ ಟೆಸ್ಟ್ ವರದಿ ಇಲ್ಲದೆ ಬೋರ್ಡಿನ ಮುಂದೆ ಹೋಗಬೇಡಿ; ಅಕ್ಷರಪಟ್ಟಿ ಮಾತ್ರ ನೋಡಿ 6/6 ಎಂದು ಬರೆದು ಕಳಿಸಿದರೆ ತಿದ್ದಿಸುವುದು ಕಷ್ಟ. ಯುಡಿಐಡಿ ಕಾರ್ಡಿಗೆ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬಹುದು, ಕಾರ್ಡು ದೇಶದೆಲ್ಲೆಡೆ ನಡೆಯುತ್ತದೆ.

ನರ ಮತ್ತು ಕಣ್ಣು ಎರಡನ್ನೂ ಬಲ್ಲ ನ್ಯೂರೋ-ಆಫ್ತಾಲ್ಮಾಲಜಿ ತಜ್ಞರು ಎಲ್ಲೆಡೆ ಸಿಗುವುದಿಲ್ಲ. ದೆಹಲಿಯವರಿಗೆ ಏಮ್ಸ್‌ನ ಡಾ. ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ, ಹೈದರಾಬಾದಿನವರಿಗೆ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ಚೆನ್ನೈನವರಿಗೆ ಶಂಕರ ನೇತ್ರಾಲಯ, ಪುಣೆಯವರಿಗೆ ಎಚ್.ವಿ. ದೇಸಾಯಿ ಕಣ್ಣಿನ ಆಸ್ಪತ್ರೆ ಇವೆ. ಮುಂಬೈಯಲ್ಲಿ ತರಬೇತಿಗೆ, ಕೋಲು ಹಿಡಿದು ನಡೆಯುವುದನ್ನು ಕಲಿಯುವುದಕ್ಕೆ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಇದೆ. ಹೋಗುವಾಗ ಸ್ಕ್ಯಾನಿನ ವರದಿ ಮಾತ್ರವಲ್ಲ, ಫಿಲ್ಮ್ ಅಥವಾ ಸಿ.ಡಿ.ಯನ್ನೂ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಪಾಪೆ ಹಿಗ್ಗಿಸಿದರೆ ನಾಲ್ಕೈದು ಗಂಟೆ ಕಣ್ಣು ಮಸುಕಾಗಿರುತ್ತದೆ, ಆದ್ದರಿಂದ ಜೊತೆಗೊಬ್ಬರು ಇರಲಿ. ಅಲ್ಲಿ ಕಾಯುವ ಹೊತ್ತಿನಲ್ಲಿ ರೋಗಿಯ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಹುಡುಕಿ, ಧ್ವನಿಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಡಿ. ಅದು ಪರದೆಯ ಮೇಲಿನದನ್ನು ಓದಿ ಹೇಳುತ್ತದೆ.